ಮೋಟಾರ್ ತಿರುಗದಿದ್ದಾಗಲೇ ಪಾಠ ಶುರು

ಪುಣೆಯ ಕಾರ್ಖಾನೆಯೊಂದರಲ್ಲಿ ನಾನು ಎಂಜಿನಿಯರ್. ತಿಂಗಳಿಗೆ ಎರಡು ಶನಿವಾರ ಶಾಲಾ ಶಿಕ್ಷಕರಿಗೆ ‘ಕೈಯಾರೆ ಮಾಡಿ ಕಲಿಸುವ’ ತರಬೇತಿ ಕೊಡುವ ತಂಡದ ಜತೆ ಹೋಗುತ್ತೇನೆ. ಹಲವು ಶಾಲೆಗಳಲ್ಲಿ ಕಾಣುವ ನೋಟ ಒಂದೇ: ಬಣ್ಣ ಬಳಿದ ಲ್ಯಾಬ್, ಒಳಗೆ ಹೊದಿಕೆ ತೆಗೆಯದ ತ್ರೀಡಿ ಪ್ರಿಂಟರ್, ಹೊರಗೆ ಬೀಗ.

ಇದು ಹಣದ ಕೊರತೆಯಲ್ಲ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಡಿ ಶಾಲೆಯೊಂದಕ್ಕೆ ₹20 ಲಕ್ಷದವರೆಗೆ ಅನುದಾನವಿದೆ. ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ 50 ಸಾವಿರ ಲ್ಯಾಬ್ ತೆರೆಯುವುದಾಗಿ 2025ರ ಕೇಂದ್ರ ಬಜೆಟ್ ಹೇಳಿತು. ಆದರೂ ಬೀಗ ಏಕೆ? ಸಾಮಾನು ಕೆಟ್ಟರೆ ಹೊಣೆ ಯಾರದು ಎಂಬ ಭಯ ಒಂದು. ಮಕ್ಕಳೆದುರು ಪ್ರಯೋಗ ಕೈಕೊಟ್ಟರೆ ಮರ್ಯಾದೆ ಏನಾದೀತು ಎಂಬ ಅಳುಕು ಅದಕ್ಕಿಂತ ದೊಡ್ಡದು.

ಹಾಗಾಗಿ ಮೊದಲ ದಿನ ನಾವು ಲ್ಯಾಬಿನ ಕಡೆ ಹೋಗುವುದೇ ಇಲ್ಲ. ಪ್ರತಿ ಶಿಕ್ಷಕರಿಗೂ ಒಂದು ಟಾರ್ಚ್ ಸೆಲ್, ಎರಡು ಸೇಫ್ಟಿ ಪಿನ್, ಒಂದು ಅಯಸ್ಕಾಂತ, ಸೈಕಲ್ ಟ್ಯೂಬಿನ ತುಂಡು ಮತ್ತು ಎನಾಮಲ್ ಲೇಪದ ತಾಮ್ರದ ತಂತಿ ಕೊಟ್ಟು, ಮೋಟಾರ್ ಮಾಡಿ ಎನ್ನುತ್ತೇವೆ. ಕಸದಿಂದ ಆಟಿಕೆ ಮಾಡುವುದನ್ನು ದೇಶಕ್ಕೇ ಕಲಿಸಿದ, ಪುಣೆಯಲ್ಲಿ ಬಹುಕಾಲ ದುಡಿದ ಅರವಿಂದ ಗುಪ್ತಾ ಅವರ ಆಟಿಕೆಗಳಲ್ಲಿ ಇದೂ ಒಂದು.

ಹೆಚ್ಚಿನವರ ಸುರುಳಿ ಒಂದಿಷ್ಟು ನಡುಗಿ ನಿಂತುಬಿಡುತ್ತದೆ. ತಂತಿಯ ಒಂದು ತುದಿಯ ಲೇಪವನ್ನು ಸುತ್ತಲೂ ಕೆರೆಯಬೇಕು, ಇನ್ನೊಂದರದ್ದು ಅರ್ಧ ಮಾತ್ರ. ಎರಡೂ ಪೂರ್ತಿ ಕೆರೆದರೆ ಅರ್ಧ ಸುತ್ತು ಮುಂದಕ್ಕೆ ತಳ್ಳಿದ ಬಲವೇ ಉಳಿದರ್ಧದಲ್ಲಿ ಹಿಂದಕ್ಕೆ ತಳ್ಳುತ್ತದೆ. ಅರ್ಧ ಲೇಪ ಉಳಿದಿದ್ದರೆ ಆ ಹೊತ್ತಿಗೆ ವಿದ್ಯುತ್ ಕಡಿದು, ಸುರುಳಿ ತನ್ನ ವೇಗದಲ್ಲೇ ದಾಟಿಕೊಳ್ಳುತ್ತದೆ.

ಇದನ್ನು ನಾವು ಮೊದಲೇ ಹೇಳುವುದಿಲ್ಲ. ಒಂದು ತಾಸು ಸುಮ್ಮನಿರುತ್ತೇವೆ. ಶಿಕ್ಷಕರು ಪಕ್ಕದವರ ತಂತಿ ಇಣುಕುತ್ತಾರೆ, ವಾದಿಸುತ್ತಾರೆ, ಮತ್ತೆ ಕೆರೆಯುತ್ತಾರೆ. ನಿವೃತ್ತಿಯ ಅಂಚಿನಲ್ಲಿದ್ದ ಬಾಯಿಯೊಬ್ಬರು, ಫ್ಲೆಮಿಂಗ್ ನಿಯಮವನ್ನು ವರ್ಷಗಟ್ಟಲೆ ಬರೆಸಿದ್ದರೂ ಅದು ಕೈಯಲ್ಲಿ ತಿರುಗಿದ್ದನ್ನು ಇವತ್ತೇ ನೋಡಿದ್ದು ಎಂದರು. ಮರುತಿಂಗಳು ಅವರ ತರಗತಿಗೆ ಹೋದಾಗ ನಾಲ್ಕು ಮಕ್ಕಳ ಮೋಟಾರ್ ತಿರುಗುತ್ತಿರಲಿಲ್ಲ. ಅವರು ಗಾಬರಿಯಾಗಲಿಲ್ಲ, ‘ಏಕಿರಬಹುದು?’ ಎಂದು ಮಕ್ಕಳನ್ನೇ ಕೇಳಿದರು. ತರಬೇತಿಯ ಫಲ ಇಷ್ಟೇ, ಆದರೆ ಒಂದು ದಿನದ ಕಾರ್ಯಾಗಾರದಿಂದ ಇದು ಸಿಗದು. ಮತ್ತೆ ಮತ್ತೆ ಶಾಲೆಗೆ ಹೋಗಿ ಶಿಕ್ಷಕರ ಬೆನ್ನಿಗೆ ನಿಲ್ಲಬೇಕು. ಕೆಟ್ಟ ಸಾಮಾನಿನ ಬೆಲೆ ಅವರ ಸಂಬಳಕ್ಕೆ ಬೀಳದು ಎಂದು ಮುಖ್ಯಾಧ್ಯಾಪಕರೂ ಮಾತು ಕೊಡಬೇಕು.

ಹೊರನಾಡಿನಲ್ಲಿ ದುಡಿಯುವ ನಾವು ಓದಿದ ಶಾಲೆಗೆ ಕಂಪ್ಯೂಟರ್, ಬೆಂಚು ಕೊಡುತ್ತೇವೆ. ಒಳ್ಳೆಯದೇ. ಮುಂದಿನ ಸಲ ಊರಿಗೆ ಹೋದಾಗ ಒಂದು ದಿನದ ರಜೆ ಹೆಚ್ಚು ಹಾಕಿ, ಅಲ್ಲಿನ ವಿಜ್ಞಾನ ಶಿಕ್ಷಕರ ಜತೆ ಕುಳಿತು ಈ ಮೋಟಾರ್ ಮಾಡಿ ನೋಡಿ. ತಂತಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಸಿಗುತ್ತದೆ. ಸಾಧ್ಯವಾದರೆ ಆ ಅಂಗಡಿಯವರನ್ನೂ ಶಾಲೆಗೆ ಕರೆತನ್ನಿ. ಸುರುಳಿಯ ವಿಷಯದಲ್ಲಿ ಅವರಿಗೆ ನಮಗಿಂತ ಹೆಚ್ಚು ಗೊತ್ತು.