ಡಾಕ್ಟರು ಎಷ್ಟು ದೂರದಲ್ಲಿದ್ದಾರೆ?

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದ ಹುಡುಗನಿಗೆ ಸೈನ್ಯದಲ್ಲಿ ಒಂದು ಒಳ್ಳೆಯ ದಾರಿಯಿದೆ, ಆದರೆ ನಮ್ಮ ಊರುಗಳಲ್ಲಿ ಅದರ ಮಾತು ಕಡಿಮೆ. ಭೂಸೇನೆಯಲ್ಲಿ ಆ ಹುದ್ದೆಯ ಹೆಸರು ನರ್ಸಿಂಗ್ ಅಸಿಸ್ಟೆಂಟ್. ನೌಕಾಪಡೆ, ವಾಯುಪಡೆಗಳಲ್ಲಿ ಮೆಡಿಕಲ್ ಅಸಿಸ್ಟೆಂಟ್. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ ಒಟ್ಟಾರೆ ಶೇ 50 ಅಂಕ ಪಡೆದವರು ಅರ್ಜಿ ಹಾಕಬಹುದು. 2022ರಲ್ಲಿ ಅಗ್ನಿಪಥ ಯೋಜನೆ ಬಂದು ಬಹುತೇಕ ಸೈನಿಕ ಹುದ್ದೆಗಳು ನಾಲ್ಕು ವರ್ಷಕ್ಕೆ ಇಳಿದ ಮೇಲೂ ಈ ಹುದ್ದೆಗೆ ಮೂರೂ ಪಡೆಗಳು ಕಾಯಂ ನೇಮಕಾತಿ ನಡೆಸಿವೆ. ಹಾಗಾದರೆ ಮೂರರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು? ಸಂಬಳ ನೋಡಿ ತೀರ್ಮಾನಿಸುವಂತಿಲ್ಲ, ವೇತನದ ಹಂತಗಳು ಮೂರರಲ್ಲೂ ಒಂದೇ. ತಿಂಗಳಿಗೆ 5,200 ರೂಪಾಯಿಯ ಮಿಲಿಟರಿ ಸೇವಾ ವೇತನವೂ ಒಂದೇ. ಸಮವಸ್ತ್ರದ ಬಣ್ಣ ನೋಡಿ ಆರಿಸುವವರೇ ಹೆಚ್ಚು. ನನ್ನ ಪ್ರಕಾರ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಬೇರೆ: ರೋಗಿ ನನ್ನ ಮುಂದೆ ಮಲಗಿದಾಗ ಡಾಕ್ಟರು ನನ್ನಿಂದ ಎಷ್ಟು ದೂರದಲ್ಲಿರುತ್ತಾರೆ?

ಈ ಪ್ರಶ್ನೆಯನ್ನು ಸೇರುವ ಮೊದಲೇ ಕೇಳಬೇಕು. ಎಂಬಿಬಿಎಸ್ ಮುಗಿಸಿ ಬರುವ ವೈದ್ಯಾಧಿಕಾರಿಗಳು ಆರ್ಮಿ ಮೆಡಿಕಲ್ ಕೋರ್‌ಗೆ ಸೇರಿ ಅಲ್ಲಿಂದ ನೌಕಾಪಡೆಗೋ ವಾಯುಪಡೆಗೋ ನಿಯೋಜನೆಗೊಳ್ಳಬಹುದು. ಸಹಾಯಕನಿಗೆ ಆ ಅವಕಾಶವಿಲ್ಲ. ಪ್ರತಿ ಪಡೆಯೂ ತನ್ನ ಸಹಾಯಕರನ್ನು ತಾನೇ ಆರಿಸಿ ತಾನೇ ತರಬೇತಿ ಕೊಡುತ್ತದೆ. ಹದಿನೆಂಟು ಹತ್ತೊಂಬತ್ತರಲ್ಲಿ ಮಾಡಿದ ಆಯ್ಕೆ ನಿವೃತ್ತಿಯವರೆಗೂ ಉಳಿಯುತ್ತದೆ.

ಭೂಸೇನೆಯಿಂದ ಶುರು ಮಾಡೋಣ, ಏಕೆಂದರೆ ಈ ಕೆಲಸದ ನಿಜವಾದ ಕಷ್ಟ ಅಲ್ಲೇ ಹೆಚ್ಚು ಕಾಣುತ್ತದೆ. ಲಖನೌದ ಆರ್ಮಿ ಮೆಡಿಕಲ್ ಕೋರ್ (ಎಎಂಸಿ) ಸೆಂಟರ್‌ನಲ್ಲಿ ತರಬೇತಿ ಮುಗಿಸಿದವನು ಕೆಲವು ವರ್ಷ ಮಿಲಿಟರಿ ಆಸ್ಪತ್ರೆಯಲ್ಲಿ, ಕೆಲವು ವರ್ಷ ಗಡಿಯ ಘಟಕಗಳಲ್ಲಿ ಇರುತ್ತಾನೆ. ಒಂದು ಬೆಟಾಲಿಯನ್‌ಗೆ ಒಬ್ಬ ವೈದ್ಯಾಧಿಕಾರಿ. ಆದರೆ ಬೆಟಾಲಿಯನ್‌ನ ತುಕಡಿಗಳು ಬೆಟ್ಟದಿಂದ ಬೆಟ್ಟಕ್ಕೆ ಹರಡಿಕೊಂಡಿರುತ್ತವೆ. 1984ರಿಂದ ನಮ್ಮ ಸೈನ್ಯ ಕಾಯುತ್ತಿರುವ ಸಿಯಾಚಿನ್‌ನಲ್ಲಿ ಶತ್ರುವಿನ ಗುಂಡಿಗಿಂತ ಹಿಮ ಮತ್ತು ಎತ್ತರವೇ ಹೆಚ್ಚು ಜೀವ ತೆಗೆದಿವೆ. ಶ್ವಾಸಕೋಶದಲ್ಲಿ ನೀರು ತುಂಬಿಕೊಂಡ ಸೈನಿಕನಿಗೆ ಆಮ್ಲಜನಕ ಕೊಟ್ಟು ಬೇಗ ಕೆಳಗಿಳಿಸಬೇಕು. ಹವಾಮಾನ ಕೆಟ್ಟು ಹೆಲಿಕಾಪ್ಟರ್ ಬರದಿದ್ದರೆ ಆ ರಾತ್ರಿಯನ್ನು ದಾಟಿಸುವ ಹೊಣೆ ಪಕ್ಕದಲ್ಲಿರುವವನದು. ಆ ಪಕ್ಕದವನು ಎಷ್ಟು ಮುಖ್ಯ ಎಂಬುದನ್ನು 2001ರಿಂದ 2011ರವರೆಗೆ ಯುದ್ಧಭೂಮಿಯಲ್ಲಿ ಗಾಯಗೊಂಡು ಸತ್ತ 4,596 ಅಮೆರಿಕನ್ ಸೈನಿಕರ ಸಾವುಗಳ ಅಧ್ಯಯನವೊಂದು ತೋರಿಸಿತು. ಅವರಲ್ಲಿ ಶೇ 87ರಷ್ಟು ಮಂದಿ ಶಸ್ತ್ರಚಿಕಿತ್ಸೆಯ ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡಿದ್ದರು. ಹಾಗೆ ತೀರಿಕೊಂಡವರಲ್ಲಿ ಸುಮಾರು ನಾಲ್ಕರಲ್ಲೊಬ್ಬನನ್ನು ಉಳಿಸಿಕೊಳ್ಳುವ ಸಾಧ್ಯತೆಯಿತ್ತು. ತಪ್ಪಿಸಬಹುದಾಗಿದ್ದ ಆ ಸಾವುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟಕ್ಕೆ ಕಾರಣ ರಕ್ತಸ್ರಾವ. ಸರಿಯಾದ ಹೊತ್ತಿಗೆ ಕಟ್ಟಿದ ಟೂರ್ನಿಕೆ, ಅಂದರೆ ರಕ್ತ ಹರಿಯುವುದನ್ನು ತಡೆಯುವ ಬಿಗಿಪಟ್ಟಿ, ದೊಡ್ಡ ಆಸ್ಪತ್ರೆಯ ಎಷ್ಟೋ ಯಂತ್ರಗಳಿಗಿಂತ ಮೇಲು. ಕೊರಿಯಾ ಯುದ್ಧದಲ್ಲಿ ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ ನಾಯಕತ್ವದಲ್ಲಿ ಹೆಸರು ಗಳಿಸಿದ 60 ಪ್ಯಾರಾ ಫೀಲ್ಡ್ ಆಂಬ್ಯುಲೆನ್ಸ್ ಎಂಬ ಭೂಸೇನೆಯ ವೈದ್ಯಕೀಯ ಘಟಕ 2023ರ ಭೂಕಂಪದ ನಂತರ ಟರ್ಕಿಯಲ್ಲಿ ಫೀಲ್ಡ್ ಆಸ್ಪತ್ರೆ ತೆರೆಯಿತು. ಇಂಥ ಘಟಕಗಳಲ್ಲಿ ದುಡಿಯುವ ಆಸೆಯಿದ್ದವನಿಗೆ ಭೂಸೇನೆಯೇ ಸರಿ.

ನೌಕಾಪಡೆಯಲ್ಲಿ ದೂರದ ಲೆಕ್ಕವೇ ಬೇರೆ. ಒಡಿಶಾದ ಐಎನ್‌ಎಸ್ ಚಿಲಿಕಾದಲ್ಲಿ ಮೊದಲ ತರಬೇತಿ, ಆಮೇಲೆ ನೌಕಾ ಆಸ್ಪತ್ರೆಯಲ್ಲಿ ಕಲಿಕೆ. ಕಾರವಾರದ ಐಎನ್‌ಎಚ್‌ಎಸ್ ಪತಂಜಲಿಯಂಥ ಆಸ್ಪತ್ರೆಯಲ್ಲಿ ಇರುವಷ್ಟು ದಿನ ತಜ್ಞ ವೈದ್ಯರ ನೆರಳು ಸಿಗುತ್ತದೆ. ಹಡಗು ಹತ್ತಿದ ಮೇಲೆ ಹಾಗಲ್ಲ. ದೊಡ್ಡ ಯುದ್ಧನೌಕೆಗಳಲ್ಲಿ ವೈದ್ಯಾಧಿಕಾರಿ ಇರುತ್ತಾರೆ, ಚಿಕ್ಕ ನೌಕೆಗಳು ಮೆಡಿಕಲ್ ಅಸಿಸ್ಟೆಂಟ್‌ನನ್ನೇ ನಂಬಿ ಸಾಗುವುದುಂಟು. ಹೊಟ್ಟೆನೋವು ಬರೀ ಅಜೀರ್ಣವೋ ಅಪೆಂಡಿಕ್ಸೋ, ಹಡಗನ್ನು ದಡಕ್ಕೆ ತಿರುಗಿಸಬೇಕೋ ಬೇಡವೋ ಎಂಬ ಪ್ರಶ್ನೆಗೆ ಕಮಾಂಡಿಂಗ್ ಆಫೀಸರ್ ಅವನ ಮಾತನ್ನೇ ಆಧರಿಸಬೇಕಾಗುತ್ತದೆ. ರೋಗಿಗಳು ಕಡಿಮೆ, ಒಬ್ಬೊಬ್ಬ ರೋಗಿಯ ವಿಷಯದಲ್ಲೂ ತೀರ್ಮಾನ ಭಾರ. ಒಂಟಿಯಾಗಿ ಯೋಚಿಸಿ ನಿರ್ಧರಿಸಬಲ್ಲವನಿಗೆ ಇದು ಹೊಂದುತ್ತದೆ. ಕೇಳಿ ಕೇಳಿ ಕಲಿಯುವ ಸ್ವಭಾವದವನಿಗೆ ಹಡಗಿನ ತಿಂಗಳುಗಳು ಕಷ್ಟವೇ.

ವಾಯುಪಡೆ ಕನ್ನಡಿಗರಿಗೆ ಹತ್ತಿರದ್ದು. ಏರ್‌ಮನ್‌ಗಳ ಮೂಲ ತರಬೇತಿ ಶಾಲೆ ಬೆಳಗಾವಿಯಲ್ಲಿದೆ. ಕಮಾಂಡ್ ಆಸ್ಪತ್ರೆಯೂ, ಪೈಲಟ್‌ಗಳ ದೇಹದ ಮೇಲೆ ಎತ್ತರ ಮತ್ತು ವೇಗದ ಪರಿಣಾಮವನ್ನು ಅಭ್ಯಸಿಸುವ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆಯೂ ಬೆಂಗಳೂರಿನಲ್ಲಿವೆ. ವಾಯುನೆಲೆ ಹೆಚ್ಚಾಗಿ ನೆಲೆಯೂರಿದ ಊರು, ವೈದ್ಯರು ಕೂಗಳತೆಯಲ್ಲಿರುತ್ತಾರೆ. ಹಾರಾಟಗಾರರ ತಪಾಸಣೆ, ಅಪಘಾತಕ್ಕೆ ಸಜ್ಜಾಗಿರುವುದು, ಗಾಯಾಳುಗಳನ್ನು ವಿಮಾನದಲ್ಲಿ ಸಾಗಿಸುವುದು ಇಲ್ಲಿನ ವಿಶೇಷ. ಓದು ಮುಂದುವರಿಸಬೇಕೆನ್ನುವವನಿಗೆ, ಕುಟುಂಬದೊಂದಿಗೆ ಇರಬೇಕೆನ್ನುವವನಿಗೆ ನಾನು ಇದನ್ನೇ ಮೊದಲು ಹೇಳುತ್ತೇನೆ.

ಇದೆಲ್ಲ ಉಳ್ಳವರ ಯೋಚನೆ, ನೇಮಕಾತಿಯ ಬಾಗಿಲು ಯಾವುದು ಮೊದಲು ತೆರೆಯುತ್ತದೋ ಅದರೊಳಗೆ ನುಗ್ಗುವುದೇ ಬಡವರ ಮಕ್ಕಳಿಗೆ ಜಾಣತನ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ಮೂರಕ್ಕೂ ಅರ್ಜಿ ಹಾಕಲೇಬೇಕು. ಆದರೆ ಎರಡು ಕಡೆ ಆಯ್ಕೆಯಾದಾಗ, ಅಥವಾ ವಯಸ್ಸು ಇನ್ನೂ ಒಂದು ಅವಕಾಶಕ್ಕೆ ಜಾಗ ಬಿಟ್ಟಿರುವಾಗ, ತನ್ನ ಮನಸ್ಸು ಯಾವ ಕಡೆ ಎಂದು ಗೊತ್ತಿರುವವನು ಕಡಿಮೆ ಪಶ್ಚಾತ್ತಾಪ ಪಡುತ್ತಾನೆ. ನೌಕಾಪಡೆಯ ಮೊದಲ ಒಪ್ಪಂದ 15 ವರ್ಷ, ವಾಯುಪಡೆಯದು 20. ಕಣ್ಣು ಮುಚ್ಚಿ ಕಳೆಯುವಂಥ ಅವಧಿಗಳಲ್ಲ ಇವು. ಹೆಣ್ಣುಮಕ್ಕಳಿಗೆ ಇದಕ್ಕಿಂತ ಒಳ್ಳೆಯ ದಾರಿ ಮಿಲಿಟರಿ ನರ್ಸಿಂಗ್ ಸರ್ವಿಸ್: ನೀಟ್ ಬರೆದು ಸೇನೆಯ ನರ್ಸಿಂಗ್ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿ ಅಧಿಕಾರಿಯಾಗಬಹುದು. ಅಂಥ ಕಾಲೇಜೊಂದು ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲೇ ಇದೆ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಎಷ್ಟೋ ಮಂದಿ ಮೂವತ್ತೈದು ನಲವತ್ತರ ಆಸುಪಾಸಿನಲ್ಲಿ ಹೊರಗೆ ಬರುತ್ತಾರೆ. ಆಗ ಖಾಸಗಿ ಆಸ್ಪತ್ರೆ ಕೇಳುವುದು ಡಿಪ್ಲೊಮಾವನ್ನು, ಹಿಮದಲ್ಲಿ ಕಳೆದ ರಾತ್ರಿಗಳನ್ನಲ್ಲ. ನರ್ಸಿಂಗ್ ಕೌನ್ಸಿಲ್‌ನ ನೋಂದಣಿಗೆ ನರ್ಸಿಂಗ್ ಓದು ಬೇಕು, ಹುದ್ದೆಯ ಹೆಸರಿನಲ್ಲಿ ನರ್ಸಿಂಗ್ ಇದ್ದರೆ ಸಾಲದು. ಹಾಗೆಂದು ದಾರಿ ಮುಚ್ಚಿಲ್ಲ. ಸೇನೆಯೊಳಗೇ ಆಪರೇಷನ್ ಥಿಯೇಟರ್, ಪ್ರಯೋಗಾಲಯ, ಎಕ್ಸ್‌ರೇ, ರಕ್ತನಿಧಿಯ ಕೆಲಸಗಳಿಗೆ ಪ್ರತ್ಯೇಕ ಕೋರ್ಸುಗಳಿವೆ, ಆ ಕೌಶಲಗಳಿಗೆ ಹೊರಗೂ ಬೇಡಿಕೆಯಿದೆ. ಗಡಿಯ ಪೋಸ್ಟಿಂಗ್ ಮುಗಿಸಿ ಆಸ್ಪತ್ರೆಗೆ ಬಂದ ಮೊದಲ ಅವಕಾಶದಲ್ಲೇ ಅವುಗಳಲ್ಲೊಂದಕ್ಕೆ ಹೆಸರು ಕೊಡಬೇಕು, ಮತ್ತು ಸೇರುವ ಮುನ್ನ ಯಾವ ಪಡೆಯಲ್ಲಿ ಯಾವ ಕೋರ್ಸು ಎಷ್ಟನೇ ವರ್ಷಕ್ಕೆ ಸಿಗುತ್ತದೆ ಎಂದು ನೇಮಕಾತಿ ಕಚೇರಿಯಲ್ಲೂ, ಊರಿಗೆ ರಜೆಗೆ ಬಂದ ಸೈನಿಕರಲ್ಲೂ ಬಿಡದೆ ವಿಚಾರಿಸಬೇಕು.