ಅಕ್ಷರ ಓಡಲಿ, ಲಗಾಮು ಓದುಗರ ಕೈಲಿರಲಿ

ಸರ್ಕಾರಿ ಇಲಾಖೆಯದೋ ವಿಶ್ವವಿದ್ಯಾಲಯದ್ದೋ ಜಾಲತಾಣ ತೆರೆದರೆ, ಮೇಲ್ಭಾಗದಲ್ಲಿ ಸೂಚನೆಗಳ ಪಟ್ಟಿಯೊಂದು ಬಲದಿಂದ ಎಡಕ್ಕೆ ಸರಿಯುತ್ತಿರುವುದು ಇಂದಿಗೂ ಸಾಮಾನ್ಯ ನೋಟ. ಅರ್ಜಿ ಸಲ್ಲಿಸಲು ಕೊನೆಯ ದಿನ, ಮುಂದೂಡಿದ ಪರೀಕ್ಷೆ, ಬದಲಾದ ಸಹಾಯವಾಣಿ ಸಂಖ್ಯೆ, ಹೀಗೆ ಜನರಿಗೆ ತುರ್ತಾಗಿ ಬೇಕಾದ ಸಂಗತಿಗಳೇ ಅಲ್ಲಿ ಓಡುತ್ತಿರುತ್ತವೆ. ಪಕ್ಕದಲ್ಲಿ ‘ಹೊಸತು’ ಎಂಬ ಕೆಂಪು ಗುರುತು ಮಿನುಗುತ್ತಿರುತ್ತದೆ. ಮುಖ್ಯವಾದದ್ದು ಚಲಿಸುತ್ತಿದ್ದರೆ ಜನ ಓದುತ್ತಾರೆ ಎಂಬ ನಂಬಿಕೆ ಇದರ ಹಿಂದಿದೆ. ಆ ನಂಬಿಕೆಯಲ್ಲಿ ಅರ್ಧ ನಿಜವಿದೆ. ಚಲನೆ ಕಣ್ಣನ್ನು ಸೆಳೆಯುತ್ತದೆ, ಆದರೆ ಕಣ್ಣು ಸೆಳೆಯುವುದೇ ಬೇರೆ, ಓದಿಸುವುದೇ ಬೇರೆ. ಎಷ್ಟೋ ಸಲ ಮೊದಲನೆಯದು ಎರಡನೆಯದಕ್ಕೆ ಅಡ್ಡ ಬರುತ್ತದೆ. ಪರದೆಯ ಮೇಲಿನ ಬರಹಕ್ಕೆ ಚಲನೆ ಇರಬಾರದೆಂದು ನಾನು ಹೇಳುತ್ತಿಲ್ಲ. ಅದು ಎಷ್ಟು ಹೊತ್ತು ಚಲಿಸಬೇಕು, ಯಾವಾಗ ನಿಲ್ಲಬೇಕು ಎಂಬುದು ಓದುವವರ ಅಧೀನದಲ್ಲಿರಬೇಕು ಎಂಬುದಷ್ಟೇ ನನ್ನ ವಾದ.

ಓಡುವ ಅಕ್ಷರಗಳ ಆಕರ್ಷಣೆ ಕಂಪ್ಯೂಟರಿಗಿಂತ ಹಳೆಯದು. 1928ರ ನವೆಂಬರಿನಲ್ಲಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನ ಕಟ್ಟಡವೊಂದರ ಸುತ್ತ 14,000ಕ್ಕೂ ಹೆಚ್ಚು ಬಲ್ಬುಗಳ ಪಟ್ಟಿಯೊಂದು ಬೆಳಗಿ, ಅಧ್ಯಕ್ಷೀಯ ಚುನಾವಣೆಯ ಫಲಿತಾಂಶವನ್ನು ಬೀದಿಯಲ್ಲಿ ನೆರೆದವರಿಗೆ ತೋರಿಸಿತು. ಅಂತರ್ಜಾಲಕ್ಕೆ ಈ ಚಪಲ ಬಂದದ್ದು ಬ್ರೌಸರ್ ಕಂಪನಿಗಳ ಪೈಪೋಟಿಯ ಕಾಲದಲ್ಲಿ. ನೆಟ್‌ಸ್ಕೇಪ್ 1994ರಲ್ಲಿ ಅಕ್ಷರಗಳನ್ನು ಮಿನುಗಿಸುವ ಬ್ಲಿಂಕ್ ಟ್ಯಾಗ್ ತಂದಿತು. ಮರುವರ್ಷ ಮೈಕ್ರೋಸಾಫ್ಟ್ ಇಂಟರ್ನೆಟ್ ಎಕ್ಸ್‌ಪ್ಲೋರರ್ 2ರಲ್ಲಿ ಅಕ್ಷರಗಳನ್ನು ಓಡಿಸುವ ಮಾರ್ಕ್ವೀ ಟ್ಯಾಗನ್ನು ಸೇರಿಸಿತು. 1996ರ ಹೊತ್ತಿಗಾಗಲೇ ಇವುಗಳ ಹಾವಳಿ ಎಷ್ಟಿತ್ತೆಂದರೆ, ಜಾಲತಾಣಗಳ ಬಳಕೆಸ್ನೇಹವನ್ನು ಅಭ್ಯಾಸ ಮಾಡಿದ ಜೇಕಬ್ ನೀಲ್ಸನ್ ತಮ್ಮ ಹತ್ತು ದೊಡ್ಡ ತಪ್ಪುಗಳ ಪಟ್ಟಿಯಲ್ಲಿ ಓಡುವ ಬರಹಕ್ಕೂ ನಿಲ್ಲದ ಅನಿಮೇಶನ್ನಿಗೂ ಜಾಗ ಕೊಟ್ಟರು. ಅದೇ ವರ್ಷ, ಜಾಲಪುಟಗಳನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಮಾನಕದ ಮಾತುಕತೆಯಲ್ಲಿ ಎರಡೂ ಕಂಪನಿಗಳು ತಮ್ಮ ತಮ್ಮ ಟ್ಯಾಗನ್ನು ಕೈಬಿಡಲು ಒಪ್ಪಿದವು. 1997ರ ಜನವರಿಯಲ್ಲಿ ಬಂದ ಎಚ್‌ಟಿಎಂಎಲ್ 3.2ರಲ್ಲಿ ಎರಡಕ್ಕೂ ಸ್ಥಾನವಿರಲಿಲ್ಲ. ಬ್ಲಿಂಕ್ 2013ರಲ್ಲಿ ಫೈರ್‌ಫಾಕ್ಸ್‌ನಿಂದಲೂ ಮರೆಯಾಯಿತು. ಮಾರ್ಕ್ವೀ ಬಳಸಬಾರದ ಟ್ಯಾಗೆಂದು ಈಗಿನ ಮಾನಕದಲ್ಲಿ ಸ್ಪಷ್ಟವಾಗಿ ಬರೆದಿದೆ. ಆದರೂ ಹಳೆಯ ಪುಟಗಳು ಕೆಡಬಾರದೆಂದು ಬ್ರೌಸರುಗಳು ಅದನ್ನು ಈಗಲೂ ನಡೆಸಿಕೊಡುತ್ತಿವೆ. ನಮ್ಮ ಪುಟಗಳಲ್ಲಿ ಅದು ಉಳಿದುಕೊಂಡಿರುವುದು ಈ ಔದಾರ್ಯದಿಂದ.

ಓಡುವ ಪಟ್ಟಿ ಓದುಗರಿಂದ ಎಷ್ಟು ಸಮಯ ಕೇಳುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಬೇರೆ ಸೂಚನೆ ಕೊಡದಿದ್ದರೆ ಮಾರ್ಕ್ವೀ ಪ್ರತಿ 85 ಮಿಲಿಸೆಕೆಂಡಿಗೆ 6 ಪಿಕ್ಸೆಲ್ ಸರಿಯುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 70 ಪಿಕ್ಸೆಲ್. ಸಾವಿರ ಪಿಕ್ಸೆಲ್ ಅಗಲದ ಪಟ್ಟಿಯಲ್ಲಿ ತಲಾ 800 ಪಿಕ್ಸೆಲ್ ಉದ್ದದ ಐದು ಸೂಚನೆಗಳನ್ನು ಒಂದೇ ಸಾಲಿನಲ್ಲಿ ಪೋಣಿಸಿದರೆ, ಇಡೀ ಸಾಲು ಹಾದುಹೋಗಲು 70 ಸೆಕೆಂಡಿಗೂ ಹೆಚ್ಚು ಬೇಕು. ಎರಡನೆಯ ಸೂಚನೆಯಲ್ಲಿದ್ದ ದಿನಾಂಕ ಕಣ್ತಪ್ಪಿದರೆ ಮತ್ತೊಂದು ಸುತ್ತು ಕಾಯಬೇಕು. ಅದೇ ಐದು ಸೂಚನೆಗಳನ್ನು ಒಂದರ ಕೆಳಗೊಂದು ನಿಲ್ಲಿಸಿದ್ದರೆ ತನಗೆ ಬೇಕಾದದ್ದನ್ನು ಓದುಗ ಕೆಲವೇ ಕ್ಷಣಗಳಲ್ಲಿ ಹುಡುಕಿಕೊಳ್ಳುತ್ತಿದ್ದ. ವೇಗ ಹೆಚ್ಚಿಸಿದರೆ ಕಾಯುವ ಸಮಯ ಕಡಿಮೆಯಾಗುತ್ತದೆ ನಿಜ, ಓದುವ ಕಷ್ಟ ಅಷ್ಟೇ ಏರುತ್ತದೆ. ಎಲ್ಲರ ಓದಿಗೂ ಹೊಂದುವ ಒಂದೇ ವೇಗ ಎಂಬುದಿಲ್ಲ.

ಈ ಕಷ್ಟದ ಮೂಲ ಕಣ್ಣು ಓದುವ ಕ್ರಮದಲ್ಲಿದೆ. ಓದುವಾಗ ದೃಷ್ಟಿ ಸಾಲಿನ ಮೇಲೆ ನಯವಾಗಿ ಜಾರಿಕೊಂಡು ಹೋಗುವುದಿಲ್ಲ. ಒಂದು ಕಡೆ ಸುಮಾರು ಕಾಲು ಸೆಕೆಂಡು ನಿಂತು, ಅಲ್ಲಿಂದ ಮುಂದಿನ ತಾಣಕ್ಕೆ ಚಿಮ್ಮುತ್ತದೆ. ಅಕ್ಷರಗಳನ್ನು ಗುರುತಿಸುವುದು ಆ ನಿಲುಗಡೆಗಳಲ್ಲೇ. ನುರಿತ ಓದುಗರ ಕಣ್ಣು ಕೂಡ ಆಗಾಗ ಹಿಂದಕ್ಕೆ ಹೋಗಿ, ಗೊಂದಲವಾದ ಪದವನ್ನು ಮತ್ತೆ ನೋಡಿ ಬರುತ್ತದೆ. ನಿಂತ ಬರಹದಲ್ಲಿ ಈ ಹಿಂದು ಮುಂದಿನ ಓಡಾಟ ಸಲೀಸು. ಓಡುವ ಬರಹದಲ್ಲಾದರೋ ಕಣ್ಣು ಅಕ್ಷರದ ಬೆನ್ನು ಹತ್ತಬೇಕು, ಹಿಂದಿರುಗಿ ನೋಡುವಷ್ಟರಲ್ಲಿ ಆ ಪದ ಅಂಚಿನಾಚೆ ಹೋಗಿರುತ್ತದೆ. ಪುಟದ ಉಳಿದ ಭಾಗವನ್ನು ಓದುತ್ತಿರುವವರಿಗೂ ನೆಮ್ಮದಿಯಿಲ್ಲ. ದೃಷ್ಟಿಯ ಅಂಚಿನಲ್ಲಿ ಏನೋ ಅಲುಗಿದರೆ ಅತ್ತ ತಿರುಗುವುದು ಕಣ್ಣಿನ ಸ್ವಭಾವ. ಹಾಗಾಗಿ ಆ ಪಟ್ಟಿ ಓದುವವರ ಗಮನವನ್ನು ಮತ್ತೆ ಮತ್ತೆ ಎಳೆಯುತ್ತಲೇ ಇರುತ್ತದೆ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಅದನ್ನು ಇಲ್ಲಿನ ವಿನ್ಯಾಸಕರು ವಿಶೇಷವಾಗಿ ಗಮನಿಸಬೇಕು. ಟೈಪ್‌ರೈಟರಿನಂತೆ ಅಕ್ಷರಗಳು ಒಂದೊಂದಾಗಿ ಮೂಡುವ, ಅಲೆಯಂತೆ ಒಂದೊಂದಾಗಿ ಕುಣಿಯುವ ಎಫೆಕ್ಟುಗಳ ಸಿದ್ಧ ಕೋಡ್ ಹೆಚ್ಚಾಗಿ ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಅಲ್ಲಿ ಒಂದು ಸಂಕೇತವೆಂದರೆ ಒಂದು ಅಕ್ಷರ. ನಮ್ಮ ಲಿಪಿ ಹಾಗಿಲ್ಲ. ‘ಸ್ತ್ರೀ’ ನಮಗೆ ಒಂದೇ ಅಕ್ಷರವಾದರೂ ಯೂನಿಕೋಡಿನಲ್ಲಿ ಅದು ಆರು ಸಂಕೇತಗಳ ಸರಣಿ. ಸಿದ್ಧ ಕೋಡ್ ಅದನ್ನು ಆರು ಹಂತಗಳಲ್ಲಿ ಮೂಡಿಸುತ್ತದೆ, ಪ್ರತಿ ಹಂತದಲ್ಲೂ ಆಕಾರ ಬದಲಾಗಿ ಪದ ನಡುಗಿದಂತೆ ಕಾಣುತ್ತದೆ. ‘ಕರ್ನಾಟಕ’ ಎಂದು ಮೂಡಿಸುವಾಗ ಮೊದಲು ಪೂರ್ತಿಯಾಗಿ ಕಂಡ ರಕಾರ, ನಕಾರ ಬಂದ ಕೂಡಲೇ ಅರ್ಕಾವತ್ತಾಗಿ ಅದರ ಬಲಕ್ಕೆ ಜಿಗಿಯುತ್ತದೆ. ಕುಣಿಸಲೆಂದು ಪ್ರತಿ ಸಂಕೇತವನ್ನೂ ಪ್ರತ್ಯೇಕ ಚೌಕದಲ್ಲಿಟ್ಟರಂತೂ ಒತ್ತು, ಗುಣಿತಗಳು ತಮ್ಮ ಅಕ್ಷರದಿಂದ ಕಳಚಿ, ಚುಕ್ಕಿಗಳ ವರ್ತುಲಕ್ಕೆ ಅಂಟಿಕೊಂಡು ಅನಾಥವಾಗಿ ನಿಲ್ಲುತ್ತವೆ. ಆದ್ದರಿಂದ ಕನ್ನಡ ಬರಹಕ್ಕೆ ಚಲನೆ ಕೊಡುವುದಿದ್ದರೆ ಇಡೀ ಪದವನ್ನೋ ಇಡೀ ಸಾಲನ್ನೋ ಒಂದು ಘಟಕವಾಗಿ ಹಿಡಿಯುವುದು ಸುರಕ್ಷಿತ.

ಎಲ್ಲರಿಗೂ ಕಿರಿಕಿರಿಯಾಗುವ ಈ ಸಂಗತಿ ಕೆಲವರಿಗೆ ಬಾಗಿಲನ್ನೇ ಮುಚ್ಚುತ್ತದೆ. ಅಕ್ಷರಗಳನ್ನು ಹಿಗ್ಗಿಸಿ ನೋಡುವ ಮಂದದೃಷ್ಟಿಯವರಿಗೆ ಒಂದು ಸಲಕ್ಕೆ ಕಾಣುವುದು ಪುಟದ ಸಣ್ಣ ತುಣುಕು. ಓಡುವ ಸಾಲು ಅದರೊಳಗೆ ಬಂದಷ್ಟೇ ಬೇಗ ಹೊರಟುಹೋಗುತ್ತದೆ. ಕೈನಡುಕ ಇರುವವರು ಚಲಿಸುವ ಕೊಂಡಿಯ ಮೇಲೆ ಕ್ಲಿಕ್ ಮಾಡುವುದು ಹೇಗೆ? ಗಮನ ಕೇಂದ್ರೀಕರಿಸಲು ಕಷ್ಟಪಡುವವರು ಪುಟವನ್ನೇ ಬಿಟ್ಟು ಹೋಗುತ್ತಾರೆ. ಒಳಕಿವಿಯ ಸಮತೋಲನದ ತೊಂದರೆ ಇರುವವರಿಗೆ ದೊಡ್ಡ ಚಲನೆಗಳಿಂದ ತಲೆಸುತ್ತು, ವಾಕರಿಕೆ ಬರಬಹುದು. ರಭಸದ ಮಿನುಗು ಇನ್ನೂ ಅಪಾಯಕಾರಿ. 1997ರ ಡಿಸೆಂಬರಿನಲ್ಲಿ ಜಪಾನಿನ ಟಿವಿಯಲ್ಲಿ ಪೋಕೆಮಾನ್ ಕಂತೊಂದರ ಕೆಂಪು, ನೀಲಿ ಮಿಂಚು ನೋಡಿ 600ಕ್ಕೂ ಹೆಚ್ಚು ಜನರು, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಬೇಕಾಯಿತು. ಇಂಥ ತೊಂದರೆಗಳನ್ನು ತಪ್ಪಿಸಲೆಂದು 2008ರಲ್ಲಿ ಬಂದ, ಜಾಲತಾಣಗಳು ಎಲ್ಲರಿಗೂ ಎಟುಕುವಂತೆ ಮಾಡುವ ಡಬ್ಲ್ಯುಸಿಎಜಿ 2.0 ಮಾರ್ಗಸೂಚಿ ಎರಡು ಕಟ್ಟಳೆಗಳನ್ನು ಹಾಕಿತು. ತಾನಾಗಿಯೇ ಶುರುವಾಗಿ, ಬೇರೆ ವಿಷಯದ ಜೊತೆಗೆ ಐದು ಸೆಕೆಂಡಿಗಿಂತ ಹೆಚ್ಚು ಚಲಿಸುವ ಯಾವುದನ್ನೇ ಆದರೂ ತಡೆಯಲು, ನಿಲ್ಲಿಸಲು ಅಥವಾ ಮರೆಮಾಡಲು ದಾರಿ ಇರಬೇಕು. ಯಾವುದೂ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿಂಚಬಾರದು. ಇದಕ್ಕಿರುವ ವಿನಾಯಿತಿ ತೀರಾ ಸಣ್ಣ, ಮಂದ ಮಿಂಚುಗಳಿಗೆ ಮಾತ್ರ. ಇವು ಅತ್ಯಂತ ಮೂಲಭೂತ ಹಂತದ ನಿಯಮಗಳು. ಭಾರತ ಸರ್ಕಾರದ ಜಾಲತಾಣಗಳಿಗೆಂದು 2009ರಲ್ಲಿ ಬಂದ ಮಾರ್ಗಸೂಚಿಯೂ ಇದೇ ನೆಲೆಗಟ್ಟಿನದು. ನಮ್ಮ ಕಚೇರಿಗಳಿಗೆ ಇದು ಹೊಸ ಉಪದೇಶವೇನಲ್ಲ.

ಇಷ್ಟಾದರೂ ಓಡುವ ಪಟ್ಟಿಯ ಪರವಾಗಿ ಕೆಲವು ಮಾತುಗಳು ಕೇಳಿಬರುತ್ತವೆ, ಅವುಗಳನ್ನು ತಳ್ಳಿಹಾಕುವಂತಿಲ್ಲ. ಟಿವಿ ಸುದ್ದಿಯ ಕೆಳಗೆ, ರೈಲು ನಿಲ್ದಾಣದ ಫಲಕದಲ್ಲಿ ಅಕ್ಷರ ಓಡಿದರೆ ಯಾರೂ ದೂರುವುದಿಲ್ಲ, ವೆಬ್ ಪುಟದ ಮೇಲೆ ಮಾತ್ರ ಯಾಕೆ ಸಿಟ್ಟು ಎಂದು ಕೇಳುವವರಿದ್ದಾರೆ. ಅಲ್ಲಿ ಜಾಗ ನಿಜಕ್ಕೂ ಕಡಿಮೆ. ಫಲಕದ ಬಲ್ಬುಗಳು ಇಷ್ಟೇ ಎಂದು ಎಣಿಕೆಯಾಗಿವೆ, ಟಿವಿಯಲ್ಲಿ ಚಿತ್ರ ಬಿಟ್ಟು ಉಳಿದದ್ದು ಒಂದು ಗೆರೆ. ವೆಬ್ ಪುಟ ಕೆಳಗೆ ಎಷ್ಟು ಬೇಕಾದರೂ ಬೆಳೆಯಬಲ್ಲದು, ಕೊಂಡಿಯ ಮೂಲಕ ಇನ್ನೊಂದು ಪುಟಕ್ಕೆ ಚಾಚಬಲ್ಲದು. ಇಲ್ಲದ ಕೊರತೆಗೆ ಅಲ್ಲಿನ ಉಪಾಯವನ್ನು ಎರವಲು ತರಬೇಕಿಲ್ಲ. ಗಮನ ಸೆಳೆಯಲು ಬೇರೆ ದಾರಿ ಯಾವುದು ಎಂಬುದು ಎರಡನೆಯ ಪ್ರಶ್ನೆ. 1998ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಬೆನ್‌ವೇ ಮತ್ತು ಲೇನ್ ನಡೆಸಿದ ಪ್ರಯೋಗಗಳಲ್ಲಿ, ಜನ ಹುಡುಕುತ್ತಿದ್ದ ಮಾಹಿತಿಯೇ ಜಾಹೀರಾತಿನಂತೆ ಎದ್ದು ಕಾಣುವ ಪಟ್ಟಿಯಲ್ಲಿದ್ದಾಗ ಹಲವರು ಅದನ್ನು ನೋಡದೆ ದಾಟಿ ಹೋದರು. ಅಬ್ಬರಿಸುವುದನ್ನೆಲ್ಲ ಜಾಹೀರಾತೆಂದು ಬದಿಗಿಡಲು ಜನ ಬೇಗ ಕಲಿಯುತ್ತಾರೆ. ಸ್ಪಷ್ಟ ತಲೆಬರಹ, ಎದ್ದು ಕಾಣುವ ದಿನಾಂಕ, ಪುಟದ ಮೊದಲಲ್ಲೇ ಜಾಗ, ಇವು ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತವೆ.

ಮೂರನೆಯ ಮಾತಿಗೆ ಹೆಚ್ಚು ತೂಕವಿದೆ: ಚಲನೆ ಒಂದು ಸೌಂದರ್ಯ, ಅದನ್ನು ಕಿತ್ತುಕೊಂಡರೆ ಪುಟ ನೀರಸವಾಗುತ್ತದೆ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಪರದೆ ಕಾಗದವಲ್ಲ, ಚಲಿಸುವುದು ಅದರ ಸಹಜ ಶಕ್ತಿ. ಅರ್ಜಿಯಲ್ಲಿ ತಪ್ಪಾದ ಜಾಗವನ್ನು ಒಂದು ಸಣ್ಣ ಅದುರಿನಿಂದ ತೋರಿಸುವುದು, ಪ್ರಶ್ನೆಯೊಂದನ್ನು ಒತ್ತಿದಾಗ ತೆರೆಯುವ ಉತ್ತರ ಎಲ್ಲಿಂದ ಬಂತೆಂದು ತಿಳಿಯುವಂತೆ ಅದನ್ನು ನಯವಾಗಿ ಜಾರಿಸುವುದು, ಶೀರ್ಷಿಕೆ ಒಮ್ಮೆ ಮೂಡಿ ನೆಲೆಗೊಳ್ಳುವುದು, ಇವೆಲ್ಲ ಅರ್ಥವನ್ನು ಹೆಚ್ಚಿಸುವ ಚಲನೆಗಳು. ಓದುಗ ಮಾಡಿದ ಕೆಲಸಕ್ಕೆ ಉತ್ತರವಾಗಿ ಅಥವಾ ಒಂದು ಬದಲಾವಣೆಯ ಸೂಚನೆಯಾಗಿ ಹುಟ್ಟಿ, ಕೆಲಸ ಮುಗಿಸಿ ನಿಲ್ಲುವುದು ಇವುಗಳ ಗುಣ. ಇದಕ್ಕೆ ಬೇಕಾದ ಸಲಕರಣೆ, ಪುಟದ ರೂಪವನ್ನು ನಿರ್ಧರಿಸುವ ಭಾಷೆಯಾದ ಸಿಎಸ್‌ಎಸ್‌ನಲ್ಲೇ ಇದೆ. ಕೀಫ್ರೇಮ್ಸ್ ನಿಯಮದಲ್ಲಿ ಚಲನೆಯ ಘಟ್ಟಗಳನ್ನು ಬರೆದರೆ ನಡುವಿನದನ್ನು ಬ್ರೌಸರೇ ತುಂಬಿಕೊಳ್ಳುತ್ತದೆ. ಸ್ಥಾನ ಬದಲಿಸಲು ಟ್ರಾನ್ಸ್‌ಫಾರ್ಮ್, ಮೂಡಿ ಮರೆಯಾಗಲು ಒಪ್ಯಾಸಿಟಿ ಬಳಸಿದರೆ ಬ್ರೌಸರ್ ಇಡೀ ಪುಟದ ವಿನ್ಯಾಸವನ್ನು ಮರುಲೆಕ್ಕ ಹಾಕಬೇಕಾಗುವುದಿಲ್ಲ, ಅಗ್ಗದ ಫೋನಿನಲ್ಲೂ ಚಲನೆ ತಡವರಿಸದು. ಇನ್ನು, ತನಗೆ ಚಲನೆ ಕಡಿಮೆ ಇರಲಿ ಎಂದು ಬಳಕೆದಾರ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಒಮ್ಮೆ ಆರಿಸಿದ್ದರೆ, ಪ್ರಿಫರ್ಸ್-ರೆಡ್ಯೂಸ್ಡ್-ಮೋಷನ್ ಎಂಬ ಸೂಚಕದ ಮೂಲಕ ಪುಟ ಅದನ್ನು ತಿಳಿಯಬಹುದು. 2017ರಲ್ಲಿ ಸಫಾರಿಯಲ್ಲಿ ಬಂದ ಈ ಸೌಲಭ್ಯ ಈಗ ಎಲ್ಲ ಪ್ರಮುಖ ಬ್ರೌಸರುಗಳಲ್ಲಿದೆ. ನಾಲ್ಕಾರು ಸಾಲಿನ ಕೋಡ್ ಬರೆದರೆ ಅಂಥವರಿಗೆ ಅದೇ ಪುಟ ನಿಶ್ಚಲವಾಗಿ ತೆರೆಯುತ್ತದೆ, ಉಳಿದವರಿಗೆ ಸೊಗಸು ಹಾಗೇ ಉಳಿಯುತ್ತದೆ.

ಹಾಗಾಗಿ ಸೊಗಸು ಮತ್ತು ಓದು ಇವೆರಡರಲ್ಲಿ ಒಂದನ್ನು ಬಲಿಕೊಡಬೇಕಾದ ಸಂದರ್ಭ ಈಗಿಲ್ಲ. ಪುಟ ಕಟ್ಟುವವರು ಪ್ರತಿ ಚಲನೆಗೂ ಮೂರು ಪ್ರಶ್ನೆ ಹಾಕಿಕೊಂಡರೆ ಸಾಕು. ಇದು ಓದುಗರಿಗೆ ಏನನ್ನು ತಿಳಿಸುತ್ತಿದೆ? ತಿಳಿಸಿದ ಮೇಲೆ ನಿಲ್ಲುತ್ತದೆಯೇ? ಬೇಡವೆಂದವರು ನಿಲ್ಲಿಸಬಲ್ಲರೇ? ಈ ಪರೀಕ್ಷೆಯಲ್ಲಿ ಸಾರ್ವಜನಿಕ ಸಂಸ್ಥೆಗಳ ಓಡುವ ಸೂಚನಾಪಟ್ಟಿ ಮೂರಕ್ಕೂ ತಕ್ಕ ಉತ್ತರ ಕೊಡಲಾರದು. ಕೊನೆಯ ದಿನಾಂಕ ಗೊತ್ತಾಗದೆ ವಿದ್ಯಾರ್ಥಿವೇತನ ಕಳೆದುಕೊಳ್ಳುವುದೂ ಸಹಾಯವಾಣಿಯ ಸಂಖ್ಯೆ ಬರೆದುಕೊಳ್ಳಲಾಗದೆ ಪರದಾಡುವುದೂ ಸಣ್ಣ ನಷ್ಟಗಳಲ್ಲ. ಆ ನಷ್ಟ ಮೊದಲು ತಟ್ಟುವುದು ನಿಧಾನವಾಗಿ ಓದುವವರಿಗೆ, ಹೊಸದಾಗಿ ಓದು ಕಲಿತವರಿಗೆ, ದೃಷ್ಟಿ ಕುಂದಿದ ಹಿರಿಯರಿಗೆ. ಸಾರ್ವಜನಿಕ ಮಾಹಿತಿಯ ಅಗತ್ಯ ಹೆಚ್ಚಾಗಿರುವುದೂ ಇವರಿಗೇ. ಇಂಥ ಸೂಚನೆಗಳನ್ನು ದಿನಾಂಕದ ಸಮೇತ ಒಂದು ನಿಂತ ಪಟ್ಟಿಗೆ ಇಳಿಸುವುದು ಯಾವುದೇ ಕಚೇರಿಯ ತಂತ್ರಜ್ಞರಿಗೆ ಕೆಲವೇ ಗಂಟೆಗಳ ಕೆಲಸ. ಹೊಸ ತಂತ್ರಾಂಶವಾಗಲೀ ಹೆಚ್ಚಿನ ಅನುದಾನವಾಗಲೀ ಅದಕ್ಕೆ ಬೇಕಿಲ್ಲ. ಓದುವವರ ಸಮಯಕ್ಕೆ ಬೆಲೆಯಿದೆ ಎಂದು ಒಪ್ಪಿಕೊಂಡರೆ ಆ ಕೆಲಸ ಇಂದೇ ಶುರುವಾಗಬಹುದು.