ಬಂದರಿನ ಸುಂಕ, ಶಿಡ್ಲಘಟ್ಟದ ಗೂಡು

ಅಮೆರಿಕದಲ್ಲಿರುವ ಮಗ ಕಳಿಸಿದ ಪಾರ್ಸೆಲ್ಲನ್ನು ಬಿಡಿಸಿಕೊಳ್ಳಲು ಹಣ ಕಟ್ಟಬೇಕಾಗಿ ಬಂದಾಗಲೇ ನಮ್ಮಲ್ಲಿ ಬಹಳಷ್ಟು ಜನರಿಗೆ ಕಸ್ಟಮ್ಸ್ ಎಂಬ ಇಲಾಖೆಯ ನೆನಪಾಗುವುದು. ಹೊರದೇಶದಿಂದ ಒಂದು ಲಕೋಟೆಯೂ ಬರದ ಶಿಡ್ಲಘಟ್ಟದ ರೇಷ್ಮೆ ಬೆಳೆಗಾರನ ಸಂಗತಿ ಬೇರೆ. ಚೀನಾದಿಂದ ಬಂದರಿಗೆ ಬಂದಿಳಿಯುವ ಕಚ್ಚಾ ರೇಷ್ಮೆಗೆ ಸರ್ಕಾರ ಎಷ್ಟು ಸುಂಕ ಹಾಕುತ್ತದೆ ಎಂಬುದು ಅವನ ಮನೆಯ ಲೆಕ್ಕಕ್ಕೆ ಸೇರಿದ ವಿಷಯ.

ಪಾರ್ಸೆಲ್ಲೇ ಇರಲಿ, ಹಡಗಿನ ಸರಕೇ ಇರಲಿ, ಲೆಕ್ಕದ ತಳಹದಿ ಒಂದೇ. ವಸ್ತುವಿನ ಬೆಲೆಗೆ ಸಾಗಣೆ ವೆಚ್ಚ ಮತ್ತು ವಿಮೆ ಕೂಡಿಸಿ, ಆ ಮೊತ್ತದ ಮೇಲೆ ಶೇಕಡಾವಾರು ಸುಂಕ. ಉದಾಹರಣೆಗೆ, ಒಂದು ಕೆ.ಜಿ. ಚೀನಾ ರೇಷ್ಮೆ ಬಂದರಿಗೆ ಬಂದಾಗ 4,000 ರೂಪಾಯಿ ಎಂದಿಟ್ಟುಕೊಳ್ಳೋಣ. ಮೇಲ್ತೆರಿಗೆಗಳನ್ನು ಬದಿಗಿಟ್ಟರೆ, ಶೇ 30 ಸುಂಕವಿದ್ದಾಗ ಅದು 5,200 ರೂಪಾಯಿಯ ಮಾಲು. ಶೇ 5 ಇದ್ದಾಗ 4,200 ರೂಪಾಯಿಯದು. ವ್ಯತ್ಯಾಸ ಸಾವಿರ ರೂಪಾಯಿ. ಒಂದು ಕೆ.ಜಿ. ನೂಲು ತೆಗೆಯಲು ಸುಮಾರು 7 ಕೆ.ಜಿ. ಮಿಶ್ರತಳಿ ಗೂಡು ಬೇಕು. ಅಂದರೆ ಈ ಇಳಿತವೆಲ್ಲ ರೈತನ ತಲೆಗೇ ಬಂದರೆ ಗೂಡಿನ ಕೆ.ಜಿ.ಗೆ 140 ರೂಪಾಯಿ ಖೋತಾ. ನೂರು ಮೊಟ್ಟೆ ಮೇಯಿಸಿ 65 ಕೆ.ಜಿ. ಗೂಡು ತೆಗೆದವನಿಗೆ ಒಂದು ಬೆಳೆಯಲ್ಲಿ ಒಂಬತ್ತು ಸಾವಿರ.

ಬೆಲೆ ಬಿದ್ದಿತೆಂದು ಅವನು ಗೂಡನ್ನು ಕೂಡಿಡುವಂತೆಯೂ ಇಲ್ಲ. ಹುಳುವನ್ನು ನಾಲ್ಕು ಜ್ವರ ದಾಟಿಸಿ, ಹಣ್ಣಾದ ಮೇಲೆ ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿದ ಮೇಲೆ ಉಳಿಯುವುದು ಕೆಲವೇ ದಿನ. ತಡವಾದರೆ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ಎಳೆ ಬಿಚ್ಚಲಾಗದು. ಆದ್ದರಿಂದ ಹರಾಜಿನಲ್ಲಿ ಅಂದು ಬಂದದ್ದೇ ಬೆಲೆ. ಗೌರಿಬಿದನೂರು ಸೀಮೆಯಿಂದ ಚಿಂತಾಮಣಿಯವರೆಗೆ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಈ ಜಿಲ್ಲೆಯಲ್ಲಿ, ಕೊಳವೆಬಾವಿಯ ನೀರನ್ನು ನಂಬಿ ಹಿಪ್ಪುನೇರಳೆ ಬೆಳೆಯುವವನಿಗೆ ಇದು ಸಣ್ಣ ಮಾತಲ್ಲ.

ಈ ಜಗ್ಗಾಟ ಇಂದಿನದಲ್ಲ. ಟಿಪ್ಪು ಸುಲ್ತಾನ್ 18ನೇ ಶತಮಾನದ ಕೊನೆಯಲ್ಲಿ ಮೈಸೂರು ಸೀಮೆಗೆ ತಂದು ಬೆಳೆಸಿದ ರೇಷ್ಮೆ ಕಸುಬು, 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಚೀನಾ, ಜಪಾನುಗಳ ಅಗ್ಗದ ರೇಷ್ಮೆಯಿಂದ ಕಂಗೆಟ್ಟಿತ್ತು. 1933ರಲ್ಲಿ ಸುಂಕ ಮಂಡಳಿ ವಿಚಾರಣೆ ನಡೆಸಿ, 1934ರಲ್ಲಿ ಬ್ರಿಟಿಷ್ ಸರ್ಕಾರ ಸಂರಕ್ಷಣಾ ಸುಂಕ ಜಾರಿ ಮಾಡಿತು. ಅದು ಸಾಲದೆಂಬ ದೂರು ಅಂದೂ ಇತ್ತು.

ಈಚಿನ ಕತೆ 2001ರಿಂದ ಬಿರುಸಾಗುತ್ತದೆ. ವಿಶ್ವ ವ್ಯಾಪಾರ ಸಂಸ್ಥೆಗೆ ಕೊಟ್ಟ ಮಾತಿನಂತೆ ಭಾರತ ಆ ವರ್ಷದ ಏಪ್ರಿಲ್‌ನಲ್ಲಿ ಆಮದಿನ ಮೇಲಿದ್ದ ಪ್ರಮಾಣ ನಿರ್ಬಂಧಗಳನ್ನು ತೆಗೆಯಿತು. ಇನ್ನು ಉಳಿದದ್ದು ಸುಂಕದ ತಡೆ ಮಾತ್ರ. ಚೀನಾ ತನ್ನ ಸರಕನ್ನು ನ್ಯಾಯವಾದ ಬೆಲೆಗಿಂತ ಅಗ್ಗಕ್ಕೆ ಇಲ್ಲಿ ಸುರಿಯುತ್ತಿದೆ ಎಂದು 2003ರಲ್ಲಿ ಹಿಪ್ಪುನೇರಳೆ ಕಚ್ಚಾ ರೇಷ್ಮೆಯ ಮೇಲೆ ಸುರಿವಿರೋಧಿ ಸುಂಕವನ್ನೂ ವಿಧಿಸಲಾಯಿತು. ಆದರೆ 2011ರ ಮುಂಗಡಪತ್ರದಲ್ಲಿ ಪ್ರಣವ್ ಮುಖರ್ಜಿ ಕಚ್ಚಾ ರೇಷ್ಮೆಯ ಮೂಲ ಸುಂಕವನ್ನು ಶೇ 30ರಿಂದ ಒಂದೇ ಏಟಿಗೆ ಶೇ 5ಕ್ಕೆ ಇಳಿಸಿಬಿಟ್ಟರು. ಗೂಡಿನ ಬೆಲೆ ಕುಸಿಯಿತು, ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಚಿದಂಬರಂ ಅದನ್ನು ಶೇ 15ಕ್ಕೆ ಏರಿಸಿದರು. ಮುಂದೆ ಶೇ 10ಕ್ಕೆ ಇಳಿದಿದ್ದ ಸುಂಕವನ್ನು 2021ರಲ್ಲಿ ನಿರ್ಮಲಾ ಸೀತಾರಾಮನ್ ಮತ್ತೆ ಶೇ 15ಕ್ಕೆ ತಂದರು. ಹತ್ತು ವರ್ಷದಲ್ಲಿ ಇಷ್ಟು ಏರಿಳಿತ ಕಂಡರೆ, ನೆಟ್ಟಮೇಲೆ ವರ್ಷಗಟ್ಟಲೆ ನಿಲ್ಲಬೇಕಾದ ಹಿಪ್ಪುನೇರಳೆ ತೋಟವನ್ನು ರೈತ ಯಾವ ಧೈರ್ಯದ ಮೇಲೆ ನೆಡಬೇಕು?

ಹಾಗೆಂದು ಸುಂಕ ಇಳಿಸಿದವರನ್ನೇ ದೂರುವುದೂ ಪೂರ್ತಿ ಸರಿಯಲ್ಲ. ಮಗ್ಗದವನ ಕಡೆಯಿಂದ ನೋಡಿದರೆ ಚಿತ್ರ ತಿರುಗುತ್ತದೆ. ಸೀರೆಯ ಹಾಸಿಗೆ ಗಟ್ಟಿಯಾದ, ಒಂದೇ ಸಮನಾದ ಎಳೆ ಬೇಕು. ವಿದ್ಯುತ್ ಮಗ್ಗದ ವೇಗಕ್ಕೆ ನಮ್ಮ ಮಿಶ್ರತಳಿ ನೂಲು ಪದೇ ಪದೇ ಹರಿಯುತ್ತದೆ. ಅದು ಹೊಕ್ಕಿಗೆ ಸೈ. ಚೀನಾದ ದ್ವಿತಳಿ ರೇಷ್ಮೆ ಹರಿಯುವುದು ಕಡಿಮೆ. ಹೀಗಾಗಿ ಒಂದೇ ಸೀರೆಯಲ್ಲಿ ಹಾಸು ಚೀನಾದ್ದು, ಹೊಕ್ಕು ಶಿಡ್ಲಘಟ್ಟದ್ದು ಇರುವುದುಂಟು. ಸುಂಕ ಏರಿದರೆ ವಾರಾಣಸಿಯ ನೇಕಾರನ ಹೊಟ್ಟೆಗೆ ಹೊಡೆತ. ಸುಂಕ ತೀರಾ ಹೆಚ್ಚಾದರೆ ಕಳ್ಳಸಾಗಣೆಗೂ ಆಸೆ ಹುಟ್ಟುತ್ತದೆ. ಇತ್ತ ನೂಲಿನ ಮೇಲೆ ಮಾತ್ರ ಸುಂಕ ಬಿಗಿಮಾಡಿದರೆ ನೂಲಿನ ಬದಲು ಬಟ್ಟೆಯೇ ಬಂದಿಳಿಯುತ್ತದೆ. ಆಗ ಮಗ್ಗಕ್ಕೂ ಕೆಲಸವಿಲ್ಲ, ಗೂಡಿಗೂ ಗಿರಾಕಿಯಿಲ್ಲ.

ಇವೆರಡರ ನಡುವೆ ಸಿಕ್ಕಿಕೊಂಡವನು ರೀಲರ್. ಶಿಡ್ಲಘಟ್ಟದಲ್ಲಿ ಈ ಕಸುಬಿನವರು ಹೆಚ್ಚಾಗಿ ಸಣ್ಣ ಬಂಡವಾಳದ ಮುಸ್ಲಿಂ ಕುಟುಂಬದವರು. ಬೆಳಿಗ್ಗೆ ಹರಾಜಿನಲ್ಲಿ ಗೂಡು ಕೊಂಡು, ಬೇಯಿಸಿ, ಎಳೆ ಬಿಚ್ಚಿ, ನೂಲು ಮಾಡಿ ಮಾರಿ, ಬಂದ ದುಡ್ಡಿನಲ್ಲಿ ಮತ್ತೆ ಗೂಡಿಗೆ ಹೋಗುವುದು ಇವರ ಚಕ್ರ. ಸುಂಕ ಇಳಿದ ಆ ಮುಂಗಡಪತ್ರ ಮಂಡನೆಯಾದದ್ದು 2011ರ ಫೆಬ್ರುವರಿ 28ರಂದು. ಅದಕ್ಕೆ ಮುಂಚೆ ಹಳೆಯ ಬೆಲೆಗೆ ಗೂಡು ಕೊಂಡಿದ್ದ ರೀಲರ್, ಅದರ ನೂಲನ್ನು ಹೊಸ ಬೆಲೆಗೆ ಮಾರಬೇಕಾಯಿತು.